ಜೀವಕೋಶದ ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವರಿಗೆ ಈ ಪಾಠದ ಪ್ರಶ್ನೆಗಳು ತರಗತಿಯಲ್ಲಿ ಮಾತ್ರ ಬರುವುದಿಲ್ಲ. ಕಾಫಿ ತೋಟದವರು ಕೇಳುತ್ತಾರೆ, ಆಶಾ ಕಾರ್ಯಕರ್ತೆಯರು ಕೇಳುತ್ತಾರೆ, ಮಕ್ಕಳ ಅಮ್ಮಂದಿರು ವಾಟ್ಸಾಪ್‌ನಲ್ಲಿ ಬರೆದು ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಓದುವಾಗ ಒಂದನ್ನು ಮಾತ್ರ ಗಮನದಲ್ಲಿಡಿ: ಯಾವುದು ಪೊರೆಯನ್ನು ತಾನಾಗಿ ದಾಟುತ್ತದೆ, ಯಾವುದನ್ನು ದಾಟಿಸಲು ಜೀವಕೋಶ ಶಕ್ತಿ ಖರ್ಚು ಮಾಡಬೇಕು? ಈ ಪಾಠದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ.

## ಮೊದಲು ತಿಳಿಯಬೇಕಾದದ್ದು

ಮಿಸ್, ಪೊರೆ ಪೊರೆ ಅಂತೀರಲ್ಲ, ಅದು ಯಾವುದರಿಂದ ಆಗಿದೆ? ಅಷ್ಟು ತೆಳ್ಳಗಿದ್ರೂ ಹರಿದು ಹೋಗಲ್ವಾ?

ಎರಡು ಪದರ ಕೊಬ್ಬಿನ ಅಣುಗಳು, ನಡುನಡುವೆ ಪ್ರೋಟೀನುಗಳು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ 7-8 ಪಾಲಿನಷ್ಟು ದಪ್ಪ. ಈ ಅಣುಗಳ ತಲೆಗೆ ನೀರು ಒಗ್ಗುತ್ತದೆ, ಬಾಲಕ್ಕೆ ಒಗ್ಗುವುದಿಲ್ಲ. ಅದಕ್ಕೇ ತಲೆಗಳು ಹೊರಗಿನ ಮತ್ತು ಒಳಗಿನ ನೀರಿನ ಕಡೆ ಮುಖ ಮಾಡುತ್ತವೆ, ಬಾಲಗಳು ನಡುವೆ ಅಡಗುತ್ತವೆ. ಸಣ್ಣದಾಗಿ ಹರಿದರೂ ಬಾಲಗಳು ನೀರಿಗೆ ತಾಗದ ಹಾಗೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ.

ಪದರ ಎರಡೇ ಎಂದು ಮೊದಲು ಲೆಕ್ಕ ಹಾಕಿದವರು ಗೋರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ಕೆಂಪು ರಕ್ತಕಣಗಳಿಂದ ಕೊಬ್ಬು ತೆಗೆದು ನೀರಿನ ಮೇಲೆ ಹರಡಿದರು. ಅದು ಕಣಗಳ ಮೈಯ ವಿಸ್ತೀರ್ಣದ ಎರಡರಷ್ಟು ಜಾಗ ಹಿಡಿಯಿತು. ಪ್ರೋಟೀನುಗಳು ಈ ಪದರದಲ್ಲಿ ತೇಲಾಡಿಕೊಂಡು ಜಾಗ ಬದಲಿಸುತ್ತವೆ ಎಂಬ ಚಿತ್ರ ಕೊಟ್ಟವರು ಸಿಂಗರ್ ಮತ್ತು ನಿಕೋಲ್ಸನ್, 1972ರಲ್ಲಿ. ಇವತ್ತಿಗೂ ನಿಮ್ಮ ಪುಸ್ತಕದಲ್ಲಿರುವುದು ಆ ಚಿತ್ರವೇ.

ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಈ ಕೊಬ್ಬಿನ ಪದರವನ್ನು ಸಲೀಸಾಗಿ ದಾಟುತ್ತವೆ. ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್‌ಗೆ ಪ್ರೋಟೀನಿನ ಸಹಾಯ ಬೇಕೇ ಬೇಕು.

ಕಣಿಲೆ ನೆನೆಸಿಟ್ಟಾಗ ದಿನಾ ನೀರು ಬದಲಿಸು ಅಂತ ಅತ್ತೆ ಹೇಳ್ತಾರೆ. ಒಂದೇ ನೀರಲ್ಲಿ ಇಟ್ಟರೆ ಏನಾಗುತ್ತೆ?

ಅತ್ತೆ ಹೇಳುವುದು ಸರಿ. ಎಳೆ ಬಿದಿರಿನಲ್ಲಿ ಸಯನೈಡ್ ಹುಟ್ಟಿಸುವ ಕಹಿ ಪದಾರ್ಥ ಇರುತ್ತದೆ. ಹೆಚ್ಚಿದಾಗ ಕೋಶಗಳ ಪೊರೆ ಹರಿದು ಅದು ಹೊರಗೆ ಬಿಡುಗಡೆಯಾಗುತ್ತದೆ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಂದರೆ ಚೂರುಗಳಿಂದ ನೀರಿಗೆ, ಅದು ಹರಡಿಕೊಳ್ಳುತ್ತದೆ. ಇದೇ ವಿಸರಣೆ. ನೀರು ಬದಲಿಸದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಒಳಗೂ ಹೊರಗೂ ಅದರ ಪ್ರಮಾಣ ಸಮ ಆಗುತ್ತದೆ. ಆಮೇಲೂ ಅಣುಗಳು ಓಡಾಡುತ್ತಲೇ ಇರುತ್ತವೆ, ಆದರೆ ಹೊರಟಷ್ಟೇ ವಾಪಸ್ ಬರುತ್ತವೆ. ಹೊಸ ನೀರು ಹಾಕಿದಾಗ ವ್ಯತ್ಯಾಸ ಮತ್ತೆ ಹುಟ್ಟುತ್ತದೆ, ಕಹಿ ಮತ್ತೆ ಹೊರಡುತ್ತದೆ. ನೆನೆಸಿದ ಮೇಲೆ ಚೆನ್ನಾಗಿ ಬೇಯಿಸಿ, ಆ ನೀರನ್ನೂ ಚೆಲ್ಲಿ.

ಉಪ್ಪು ತಾಗಿದ ತಕ್ಷಣ ಜಿಗಣೆ ಮುದುಡಿ ಬೀಳೋದು ಯಾಕೆ? ನಮ್ಮ ಕೈಗೆ ಯಾಕೆ ಏನೂ ಆಗಲ್ಲ?

ಜಿಗಣೆಯ ಚರ್ಮ ತೆಳು, ಯಾವಾಗಲೂ ಒದ್ದೆ. ಆ ಒದ್ದೆಯಲ್ಲಿ ಉಪ್ಪು ಕರಗಿದ ಕೂಡಲೇ ಹೊರಗೆ ಗಟ್ಟಿ ಉಪ್ಪುನೀರು, ಒಳಗೆ ತೆಳು ದ್ರವ. ಉಪ್ಪು ಪೊರೆ ದಾಟಿ ಸುಲಭವಾಗಿ ಒಳಗೆ ಹೋಗಲಾರದು. ನೀರು ಹೊರಗೆ ಬರಬಲ್ಲದು, ಬರುತ್ತದೆ. ಪೊರೆಯ ಮೂಲಕ ನೀರು ಹೀಗೆ ಗಟ್ಟಿ ದ್ರಾವಣದ ಕಡೆಗೆ ಸಾಗುವುದೇ ಅಭಿಸರಣೆ. ಜಿಗಣೆಯ ಮೈ ಕುಗ್ಗುತ್ತದೆ, ಉಪ್ಪಿನ ಉರಿಗೆ ಹಿಡಿತ ಬಿಡುತ್ತದೆ.

ನಮ್ಮ ಚರ್ಮದ ಮೇಲ್ಪದರದಲ್ಲಿ ಇರುವುದು ಸತ್ತು ಒಣಗಿದ ಕೋಶಗಳು, ಅವುಗಳ ನಡುವೆ ಕೊಬ್ಬು. ನೀರು ಅಷ್ಟು ಬೇಗ ಹೊರಬರುವುದಿಲ್ಲ. ಗಾಯದ ಮೇಲೆ ಉಪ್ಪು ಬಿದ್ದರೆ ಗೊತ್ತಾಗುತ್ತದೆ, ಅಲ್ವಾ?

ಒಂದು ಮಾತು. ಆಗಲೇ ಕಚ್ಚಿ ಹಿಡಿದಿರುವ ಜಿಗಣೆಗೆ ಉಪ್ಪು ಹಾಕಬೇಡಿ. ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಬಾಯಿ ಅಂಟಿದ ಜಾಗದಲ್ಲಿ ಉಗುರು ಹಾಕಿ ಮೆಲ್ಲಗೆ ಸರಿಸಿ ತೆಗೆಯಿರಿ.

ಹಾಗಾದ್ರೆ ಗದ್ದೆಯಲ್ಲಿ ನಾಟಿ ಮಾಡಿದಾಗ ಬೆರಳು ಸುಕ್ಕಾಗೋದೂ ಅಭಿಸರಣೆ ತಾನೆ?

ಅಲ್ಲ. ಹಳೆಯ ಗೈಡುಗಳಲ್ಲಿ ಹಾಗೆ ಬರೆದಿರುವುದುಂಟು. ಆದರೆ ಬೆರಳಿನ ನರ ಕಡಿದು ಹೋದವರಿಗೆ ಎಷ್ಟು ಹೊತ್ತು ನೀರಲ್ಲಿದ್ದರೂ ಬೆರಳು ಸುಕ್ಕಾಗುವುದಿಲ್ಲ. ಸುಮ್ನೆ ನೀರು ಒಳಗೆ ಹೋಗಿ ಉಬ್ಬುವುದಾಗಿದ್ದರೆ ನರ ಇರಲಿ ಇಲ್ಲದಿರಲಿ, ಸುಕ್ಕಾಗಬೇಕಿತ್ತು. ಬೆರಳ ತುದಿಯ ರಕ್ತನಾಳಗಳನ್ನು ನರಗಳು ಕಿರಿದು ಮಾಡುತ್ತವೆ, ಒಳಗಿನ ತುಂಬುವಿಕೆ ಕಡಿಮೆಯಾಗಿ ಚರ್ಮ ಮಡಿಕೆ ಬೀಳುತ್ತದೆ.

ನಮ್ಮ ಪೆಟ್ಟಿಗೆ ಜೇನು ಎರಡು ವರ್ಷ ಇಟ್ಟರೂ ಕೆಡಲಿಲ್ಲ. ಈ ಸಲದ್ದು ಹುಳಿ ಬಂದು ನೊರೆ ಎದ್ದಿದೆ. ಯಾಕೆ?

ಬಹುಶಃ ನೀರಿನಂಶ ಜಾಸ್ತಿ ಇದೆ. ಗಟ್ಟಿ ಜೇನಿಗೆ ಬಿದ್ದ ಬ್ಯಾಕ್ಟೀರಿಯಾ, ಯೀಸ್ಟ್‌ಗಳ ಮೈಯಿಂದ ಸಕ್ಕರೆ ನೀರನ್ನು ಹೊರಗೆ ಎಳೆಯುತ್ತದೆ, ಅವು ಬೆಳೆಯಲಾರವು. ನೀರಿನಂಶ ಶೇಕಡಾ 20 ದಾಟಿದರೆ ಯೀಸ್ಟ್‌ಗೆ ಉಸಿರಾಡುವಷ್ಟು ಜಾಗ ಸಿಗುತ್ತದೆ. ಹುಳುಗಳು ಇನ್ನೂ ಮೇಣ ಮುಚ್ಚದ ಎರಿಯಿಂದ ಹಿಂಡಿದರೆ, ಇಲ್ಲವೇ ಮಳೆ ಹಿಡಿದ ಮೇಲೆ ಡಬ್ಬಿ ತೆರೆದಿಟ್ಟರೆ ಹೀಗಾಗುತ್ತದೆ.

## ಪ್ರಯೋಗಾಲಯ ಮತ್ತು ತೋಟ

ರಿಯೋ ಎಲೆ ಪ್ರಾಕ್ಟಿಕಲ್‌ನಲ್ಲಿ ಮೈಕ್ರೋಸ್ಕೋಪಿನೊಳಗೆ ಏನು ನೋಡಬೇಕು ಅಂತಾನೇ ಗೊತ್ತಾಗಲ್ಲ.

ನಿಧಾನವಾಗಿ ನೋಡಿ, ಅವಸರ ಮಾಡಬೇಡಿ. ರಿಯೋ ಎಂಬ ಅಲಂಕಾರದ ಗಿಡದ ಎಲೆಯ ಕೆಳಮೈ ನೇರಳೆ. ಆ ಕಡೆಯಿಂದ ತೆಳ್ಳನೆಯ ಸಿಪ್ಪೆ ಎಳೆದು, ಸ್ಲೈಡಿನ ಮೇಲೆ ಒಂದು ಹನಿ ನೀರಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ಮೊದಲು ಕಾಣುವುದು ಮೂಲೆ ಮೂಲೆಗೂ ನೇರಳೆ ತುಂಬಿದ ಕೋಶಗಳು. ಈಗ ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಉಪ್ಪುನೀರಿನ ಹನಿ ಬಿಡಿ, ಎದುರಿನ ಅಂಚಿಗೆ ಬ್ಲಾಟಿಂಗ್ ಪೇಪರ್ ತಾಗಿಸಿ. ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ.

ಕಣ್ಣು ತೆಗೆಯದೆ ಒಂದೇ ಕೋಶ ನೋಡುತ್ತಿರಿ. ನೇರಳೆ ಮೊದಲು ಮೂಲೆಗಳನ್ನು ಬಿಡುತ್ತದೆ. ಆಮೇಲೆ ಬದಿಗಳನ್ನು ಬಿಡುತ್ತದೆ. ಕೊನೆಗೆ ನಡುವೆ ಗುಂಡಗಾಗಿ ನಿಲ್ಲುತ್ತದೆ, ಬಣ್ಣ ಮೊದಲಿಗಿಂತ ಗಾಢ. ಹೊರಗಿನ ಕೋಶಭಿತ್ತಿ ಮಾತ್ರ ಇದ್ದಲ್ಲೇ ಇದೆ. ಭಿತ್ತಿಗೂ ಕುಗ್ಗಿದ ಪೊರೆಗೂ ನಡುವೆ ಈಗ ಏನಿದೆ ಎಂದು ಪರೀಕ್ಷಕರು ಕೇಳುತ್ತಾರೆ. ಗಾಳಿ ಅಲ್ಲ, ಉಪ್ಪುನೀರು. ಭಿತ್ತಿ ಅದನ್ನು ತಡೆಯುವುದಿಲ್ಲ. ತಡೆಯುವುದು ಪೊರೆ.

ಮತ್ತೆ ಬರೀ ನೀರು ಹಾಯಿಸಿದರೆ ನೇರಳೆ ವಾಪಸ್ ತುಂಬಿಕೊಳ್ಳುತ್ತದೆ. ಆದರೆ ಅದೇ ಸಿಪ್ಪೆಯನ್ನು ಬಿಸಿನೀರಿನಲ್ಲಿ ಕುದಿಸಿ ನೋಡಿ. ಬಣ್ಣ ಎಲ್ಲೆಂದರಲ್ಲಿ ಸೋರಿ ಹೋಗುತ್ತದೆ, ಉಪ್ಪು ಹಾಕಿದರೂ ಏನೂ ಕುಗ್ಗುವುದಿಲ್ಲ. ಈ ಕೊನೆಯ ಭಾಗ ಸಿಲಬಸ್‌ನಲ್ಲಿ ಇಲ್ಲದಿದ್ದರೂ ಮಾಡಿ. ಪೊರೆ ಕೆಟ್ಟ ಕೋಶ ಏನನ್ನೂ ಹಿಡಿದಿಟ್ಟುಕೊಳ್ಳಲಾರದು ಎಂಬುದು ಕಣ್ಣಿಗೇ ಕಾಣುತ್ತದೆ.

ಹೂಮಳೆ ಒಂದು ಇಂಚು ಬಿದ್ದರೆ ಎಂಟ್ಹತ್ತು ದಿನಕ್ಕೆ ತೋಟ ಇಡೀ ಬೆಳ್ಳಗಾಗುತ್ತೆ. ಮೂವತ್ತು ಸೆಂಟು (ಅಂದ್ರೆ 0.30 ಇಂಚು) ಬಿದ್ದರೆ ಆಗಲ್ಲ. ಮೊಗ್ಗಿನ ಒಳಗೆ ಏನು ನಡೆಯುತ್ತೆ?

ಕಾಫಿ ಮೊಗ್ಗು ಮಳೆ ಬಿದ್ದ ಮೇಲೆ ಹುಟ್ಟುವುದಲ್ಲ. ಆಗಲೇ ಹುಟ್ಟಿ, ಸ್ವಲ್ಪ ಬೆಳೆದು, ಬೇಸಿಗೆಯ ಒಣಗಿನಲ್ಲಿ ನಿಂತುಬಿಟ್ಟಿರುತ್ತದೆ. ಈ ಒಣಗು ಕೂಡ ಬೇಕು. ಅದಿಲ್ಲದೆ ಮೊಗ್ಗುಗಳು ಒಟ್ಟಿಗೆ ಅರಳುವುದಿಲ್ಲ, ಒಂದೊಂದು ಒಂದೊಂದು ದಿನ ಅರಳುತ್ತವೆ.

ಮಳೆ ಬಿದ್ದಾಗ ಗಿಡದೊಳಗೆ ನೀರು ಏರುತ್ತದೆ. ಮೊಗ್ಗಿನ ಕೋಶಗಳೊಳಗೆ ಸಕ್ಕರೆ, ಪೊಟ್ಯಾಸಿಯಂನಂಥ ಕರಗಿದ ಪದಾರ್ಥಗಳು ಸೇರಿಕೊಂಡಿದ್ದರೆ ನೀರು ಅತ್ತ ಹರಿಯುತ್ತದೆ. ಆ ಪದಾರ್ಥಗಳನ್ನು ಒಳಗೆ ತುಂಬಿಸುವುದಕ್ಕೆ ಪೊರೆಯ ಪಂಪ್‌ಗಳು ಶಕ್ತಿ ಖರ್ಚು ಮಾಡಬೇಕು, ಆದರೆ ಹಿಂದೆ ಬರುವ ನೀರಿಗೆ ಖರ್ಚಿಲ್ಲ. ಒಳಗಿನ ರಸದಾನಿ ಉಬ್ಬಿ ಭಿತ್ತಿಯನ್ನು ತಳ್ಳುತ್ತದೆ, ಭಿತ್ತಿ ಹಿಗ್ಗುತ್ತದೆ, ಮೊಗ್ಗು ಕೆಲವೇ ದಿನಗಳಲ್ಲಿ ಹಲವು ಪಟ್ಟು ಉದ್ದವಾಗುತ್ತದೆ. ಹಾರ್ಮೋನುಗಳ ಪಾಲೂ ಇದರಲ್ಲಿದೆ. ಮೂವತ್ತು ಸೆಂಟು ಮಳೆ ಮೇಲ್ಮಣ್ಣನ್ನಷ್ಟೇ ನೆನೆಸುತ್ತದೆ. ಹಿಗ್ಗಲು ಶುರು ಮಾಡಿದ ಕೋಶಕ್ಕೆ ನಡುವೆ ನೀರು ನಿಂತರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಅರೆಬರೆ ಮಳೆ ಬಿದ್ದ ತಕ್ಷಣ ತೋಟದವರು ಸ್ಪ್ರಿಂಕ್ಲರ್ ಓಡಿಸುವುದು ಇದಕ್ಕೇ.

ಕಾಳುಮೆಣಸಿನ ಬುಡಕ್ಕೆ ಯೂರಿಯಾ ಸ್ವಲ್ಪ ಜಾಸ್ತಿ ಬಿತ್ತು, ಎಲೆ ಸುಟ್ಟಂಗಾಯ್ತು. ಗೊಬ್ಬರಕ್ಕೆ ಬಿಸಿ ಇರುತ್ತಾ?

ಬಿಸಿ ಅಲ್ಲ, ಬಾಯಾರಿಕೆ. ಒಣ ಮಣ್ಣಿನಲ್ಲಿ ಇರುವ ಚೂರು ನೀರಿಗೆ ಅಷ್ಟು ಗೊಬ್ಬರ ಕರಗಿದರೆ ಆ ನೀರು ಬೇರಿನ ಕೋಶರಸಕ್ಕಿಂತ ಗಟ್ಟಿಯಾಗುತ್ತದೆ. ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ, ಇದ್ದ ನೀರೂ ಹೊರಗೆ ಹೋಗುತ್ತದೆ. ಬುಡಕ್ಕೆ ಚೆನ್ನಾಗಿ ನೀರು ಹಾಯಿಸಿ. ಮುಂದೆ ಮಣ್ಣು ಹದವಾಗಿ ಒದ್ದೆ ಇರುವಾಗ, ಬುಡದಿಂದ ಸ್ವಲ್ಪ ದೂರಕ್ಕೆ, ಕಂತು ಕಂತಾಗಿ ಹಾಕಿ.

ಜುಲೈಯಲ್ಲಿ ನೀರು ನಿಂತ ಜಾಗದ ಕಾಫಿ ಗಿಡ ಬಾಡಿ ನಿಲ್ಲುತ್ತೆ. ಬುಡದಲ್ಲೇ ನೀರಿದೆ, ಆದರೂ ಬಾಡುತ್ತೆ ಅಂದ್ರೆ ಹೇಗೆ?

ತೋಟದವರು ವೆಟ್ ಫೀಟ್ ಎನ್ನುವುದು ಇದನ್ನೇ. ಈ ಪಾಠದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಬೇರಿಗೂ ಉಸಿರಾಟ ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಕೋಶಕ್ಕೆ ಸುಮಾರು 30 ಎಟಿಪಿ (ಕೋಶ ಶಕ್ತಿಯಾಗಿ ಖರ್ಚು ಮಾಡುವ ಅಣು) ಸಿಗುತ್ತಿತ್ತು. ಈಗ ಸಿಗುವುದು 2. ಎಟಿಪಿ ಇಲ್ಲದೆ ಪೊರೆಯ ಪಂಪ್‌ಗಳು ಸೋಲುತ್ತವೆ, ಗೊಬ್ಬರದ ಅಂಶಗಳನ್ನು ಒಳಗೆ ಎಳೆಯುವುದು ನಿಲ್ಲುತ್ತದೆ. ಕೋಶದೊಳಗೆ ಹುಳಿ, ಅಂದರೆ ಆಮ್ಲ, ಏರುತ್ತದೆ. ಹುಳಿ ಏರಿದರೆ ನೀರು ಹಾಯುವ ಪ್ರೋಟೀನು ನಾಳಗಳು ಮುಚ್ಚಿಕೊಳ್ಳುತ್ತವೆ, ಇದನ್ನು 2003ರಲ್ಲಿ ತೋರಿಸಿದರು. ಸುತ್ತ ನೀರಿದ್ದರೂ ಒಳಗೆ ಬರುವ ದಾರಿ ಮುಚ್ಚಿತು. ಎಲೆ ಹಳದಿ, ಕಾಯಿ ಉದುರು, ಗಿಡ ಬಾಡು.

ಭತ್ತಕ್ಕೆ ಹೀಗಾಗುವುದಿಲ್ಲ. ಅದರ ಕಾಂಡ, ಬೇರಿನೊಳಗೆ ಗಾಳಿ ಇಳಿಯುವ ಕೊಳವೆಗಳಿವೆ. ಕಾಫಿಗೆ ಅವಿಲ್ಲ. ಮಳೆಗೆ ಮುಂಚೆ ಕಪ್ಪು (ಬಸಿಗಾಲುವೆ) ತೆಗೆದು ನೀರು ಬಸಿಯುವಂತೆ ಮಾಡುವುದೇ ಇದಕ್ಕೆ ಔಷಧ, ಮೇಲಿಂದ ಗೊಬ್ಬರ ಹಾಕುವುದಲ್ಲ. ಮೆಣಸಿನ ಬಳ್ಳಿ ಬಾಡಿದರೆ ಸೊರಗು ರೋಗ ತರುವ ಫೈಟಾಫ್ತೋರ ಎಂಬ ಸೂಕ್ಷ್ಮಜೀವಿ ಕೂಡ ಇರಬಹುದು, ಅದನ್ನು ಬೇರೆಯಾಗಿ ನೋಡಿಸಿ.

## ನಮ್ಮ ಮೈಯೊಳಗೆ

ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಉಪ್ಪುನೀರೇ ಯಾಕೆ? ಶುದ್ಧ ನೀರು ಹಾಕಿದ್ರೆ ಇನ್ನೂ ಒಳ್ಳೇದಲ್ವಾ?

ಶುದ್ಧ ನೀರು ನೇರವಾಗಿ ರಕ್ತಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನೀರು ಕೆಂಪು ಕಣಗಳೊಳಗೆ ನುಗ್ಗುತ್ತದೆ. ಅವಕ್ಕೆ ಸಸ್ಯಕೋಶದ ಹಾಗೆ ಗಟ್ಟಿ ಭಿತ್ತಿ ಇಲ್ಲ, ಉಬ್ಬಿ ಒಡೆಯುತ್ತವೆ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ಸಲೈನ್ ರಕ್ತಕ್ಕೆ ಹೆಚ್ಚುಕಡಿಮೆ ಸಮ ಗಟ್ಟಿ, ಕಣ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಸೋಡಿಯಂ-ಪೊಟ್ಯಾಸಿಯಂ ಪಂಪ್ ಬಗ್ಗೆ 3 ಹೊರಗೆ 2 ಒಳಗೆ ಅಂತ ಬಾಯಿಪಾಠ ಮಾಡಿದೀನಿ. ಅದು ಯಾಕೆ ಬೇಕು?

ಕೋಶದೊಳಗೆ ಪ್ರೋಟೀನು ಮೊದಲಾದವು ತುಂಬಿವೆ, ಅವು ಹೊರಗೆ ಹೋಗಲಾರವು. ಹಾಗಾಗಿ ನೀರಿಗೆ ಯಾವಾಗಲೂ ಒಳಗೆ ಬರುವ ಒಲವು. ಸೋಡಿಯಂ ಕೂಡ ಹೊರಗಿನಿಂದ ಸೋರಿಕೊಂಡು ಬರುತ್ತಲೇ ಇರುತ್ತದೆ. ಅದನ್ನು ಬಿಡದೆ ಹೊರಗೆ ಹಾಕದಿದ್ದರೆ ಕೋಶ ಉಬ್ಬಿ ಒಡೆಯುತ್ತದೆ. ಒಂದು ಎಟಿಪಿ ಖರ್ಚು ಮಾಡಿ ಪಂಪ್ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಹೊರಗೆ ಲೀಟರಿಗೆ ಸುಮಾರು 140 ಮಿಲಿಮೋಲ್ (ಕಣಗಳ ಸಂಖ್ಯೆಯ ಅಳತೆ) ಸೋಡಿಯಂ, ಒಳಗೆ ಹತ್ತು ಹದಿನೈದು. ಪೊಟ್ಯಾಸಿಯಂ ಇದಕ್ಕೆ ಉಲ್ಟಾ: ಒಳಗೆ 140ರ ಆಸುಪಾಸು, ಹೊರಗೆ ನಾಲ್ಕೈದು.

ನೀವು ಸುಮ್ನೆ ಮಲಗಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲಿನಷ್ಟು ಈ ಪಂಪಿಗೇ ಹೋಗುತ್ತದೆ. ಸಮತೋಲನ ಅಂದರೆ ಎಲ್ಲ ಸಮ ಆಗಿ ನಿಲ್ಲುವುದು ಎಂದು ಅನೇಕ ಮಕ್ಕಳು ಬರೆಯುತ್ತಾರೆ. ಒಳಗೂ ಹೊರಗೂ ಸಮ ಆಯಿತೆಂದರೆ ಕೋಶ ಸತ್ತಿದೆ ಎಂದು ಅರ್ಥ. ರಕ್ತನಿಧಿಯಲ್ಲಿ 2ರಿಂದ 6 ಡಿಗ್ರಿ ತಂಪಿನಲ್ಲಿಟ್ಟ ರಕ್ತದಲ್ಲಿ ಪಂಪ್ ನಿಧಾನವಾಗುತ್ತದೆ, ಪೊಟ್ಯಾಸಿಯಂ ಕಣಗಳಿಂದ ಹೊರಗೆ ಸೋರುತ್ತಾ ಹೋಗುತ್ತದೆ. ಹಳೆಯ ರಕ್ತ ಕೊಡುವಾಗ ವೈದ್ಯರು ಇದನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ.

ಈ ಪಂಪನ್ನು 1957ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೋ, ಏಡಿ ಕಾಲಿನ ನರಗಳಲ್ಲಿ. ಅವರಿಗೆ ನೊಬೆಲ್ ಬಂದದ್ದು 40 ವರ್ಷ ಕಳೆದು, 1997ರಲ್ಲಿ.

ವಾಂತಿ ಭೇದಿಗೆ ಉಪ್ಪುನೀರು ಸಾಕಲ್ವಾ? ಒಆರ್‌ಎಸ್‌ಗೆ ಸಕ್ಕರೆ ರುಚಿಗೆ ಹಾಕೋದಾ?

ರುಚಿಗಲ್ಲ. ಸಕ್ಕರೆ ಇಲ್ಲದಿದ್ದರೆ ಒಆರ್‌ಎಸ್ ಕೆಲಸವನ್ನೇ ಮಾಡುವುದಿಲ್ಲ.

ಕರುಳಿನ ಕೋಶದ ಪೊರೆಯಲ್ಲಿ ಒಂದು ಪ್ರೋಟೀನು ಇದೆ. ಅದು 2 ಸೋಡಿಯಂ ಮತ್ತು 1 ಗ್ಲೂಕೋಸನ್ನು ಒಟ್ಟಿಗೆ ಮಾತ್ರ ಒಳಗೆ ಬಿಡುತ್ತದೆ. ಕೋಶದ ಇನ್ನೊಂದು ಬದಿಯಲ್ಲಿ ಸೋಡಿಯಂ ಪಂಪ್ ದುಡಿಯುತ್ತಾ ಒಳಗಿನ ಸೋಡಿಯಂ ಕಡಿಮೆ ಇಟ್ಟಿರುತ್ತದೆ. ಅಣೆಕಟ್ಟಿನಲ್ಲಿ ಎತ್ತರಕ್ಕೆ ನಿಲ್ಲಿಸಿದ ನೀರು ಕೆಳಗೆ ಬೀಳುವಾಗ ಟರ್ಬೈನ್ ತಿರುಗಿಸುವ ಹಾಗೆ, ಒಳಗೆ ನುಗ್ಗುವ ಸೋಡಿಯಂ ಗ್ಲೂಕೋಸನ್ನೂ ಎಳೆದು ತರುತ್ತದೆ. ಇವೆರಡರ ಹಿಂದೆ ನೀರು ಬರುತ್ತದೆ. ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯನ್ನು 1960ರಲ್ಲಿ ಮಂಡಿಸಿದರು.

ಕಾಲರಾ ವಿಷ ಕರುಳಿನ ಕ್ಲೋರೈಡ್ ದಾರಿಗಳನ್ನು ತೆರೆದಿಟ್ಟುಬಿಡುತ್ತದೆ, ನೀರು ಹೊರಗೆ ಹರಿಯುತ್ತದೆ. ಆದರೆ ಸೋಡಿಯಂ-ಗ್ಲೂಕೋಸ್ ಜೋಡಿಯ ದಾರಿಯನ್ನು ಅದು ಕೆಡಿಸುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ, ಸಲೈನ್ ಬಾಟಲಿ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಮನೆಯವರ ಕೈಯಲ್ಲೇ ಕುಡಿಸಿದರು. ಶೇಕಡಾ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ.

ಈಗಿನ ಡಬ್ಲ್ಯುಎಚ್‌ಒ ಸೂತ್ರದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂದಾಜಿಗೆ ಹಾಕಿ ಗಟ್ಟಿ ಮಾಡಿದರೆ ನೀರು ಮೈಯಿಂದ ಕರುಳಿಗೆ ಹರಿದು ಭೇದಿ ಜಾಸ್ತಿಯಾಗುತ್ತದೆ. ತುಂಬಾ ಸಿಹಿ ಇರುವ ಜ್ಯೂಸು, ತಂಪು ಪಾನೀಯಗಳಿಂದಲೂ ಹೀಗೇ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ. ಮಗು ಮಂಕಾಗಿದ್ದರೆ, ಮೂತ್ರ ನಿಂತಿದ್ದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಅಪ್ಪನಿಗೆ ಶುಗರ್‌ಗೆ ಕೊಟ್ಟ ಹೊಸ ಮಾತ್ರೆಯಿಂದ ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ. ಹೆದರಬೇಕಾ?

ಹೆಸರು "ಗ್ಲಿಫ್ಲೋಜಿನ್" ಎಂದು ಮುಗಿದರೆ ಆ ಮಾತ್ರೆಯ ಕೆಲಸವೇ ಅದು. ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿ ಹೋದ ಗ್ಲೂಕೋಸನ್ನು ಸೋಡಿಯಂ ಜೊತೆ ಜೋಡಿ ಮಾಡಿ ವಾಪಸ್ ಎಳೆಯುವ ಪ್ರೋಟೀನನ್ನು ಈ ಮಾತ್ರೆ ತಡೆಯುತ್ತದೆ. ಇದರ ಮೂಲ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೋರಿಜಿನ್ ಎಂಬ ಪದಾರ್ಥ. ಅಪ್ಪನಿಗೆ ನೀರು ಚೆನ್ನಾಗಿ ಕುಡಿಯಲು ಹೇಳಿ. ವಾಂತಿ ಭೇದಿ ಆದರೆ ಮಾತ್ರೆ ಮುಂದುವರಿಸಬೇಕಾ ಎಂದು ಡಾಕ್ಟರನ್ನೇ ಕೇಳಿ. ಮೂತ್ರದ ಜಾಗದಲ್ಲಿ ತುರಿಕೆ ಬಂದರೂ ಹೇಳಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನೀರು ಕೊಬ್ಬಿನ ಪದರ ದಾಟೋದು ಕಷ್ಟ ಅಂದ್ರೆ ಅಭಿಸರಣೆ ಅಷ್ಟು ಬೇಗ ಹೇಗೆ ಆಗುತ್ತೆ?

ಅಕ್ವಾಪೋರಿನ್ ಎಂಬ ಪ್ರೋಟೀನಿನಿಂದ. ಪೀಟರ್ ಆಗ್ರೆ ರಕ್ತದ ಆರ್‌ಎಚ್ ಪ್ರೋಟೀನು ಹುಡುಕುತ್ತಿದ್ದಾಗ ಕೆಂಪು ಕಣಗಳಲ್ಲಿ ಬೇರೊಂದು ಪ್ರೋಟೀನು ಹೇರಳವಾಗಿ ಸಿಕ್ಕಿತು. ಅದನ್ನು ತಯಾರಿಸುವ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಕೋಶಕ್ಕೆ ಚುಚ್ಚಿ ತೆಳು ದ್ರಾವಣದಲ್ಲಿ ಇಟ್ಟರು. ಮೊಟ್ಟೆಕೋಶ ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆಯಿತು. ಚುಚ್ಚದೆ ಇಟ್ಟದ್ದು ಹಾಗೇ ಇತ್ತು. 1992ರಲ್ಲಿ ಇದು ಪ್ರಕಟವಾಯಿತು. ಒಂದು ಅಕ್ವಾಪೋರಿನ್ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹಾಯುತ್ತವೆ, ಒಂದರ ಹಿಂದೆ ಒಂದು.

ದೊಡ್ಡ ಅಣುಗಳು ಹೇಗೆ ಒಳಗೆ ಬರುತ್ತವೆ?

ಪೊರೆಯೇ ಒಳಕ್ಕೆ ಮಡಚಿ, ಅದನ್ನು ಸುತ್ತಿಕೊಂಡು, ಚಿಕ್ಕ ಗುಳ್ಳೆಯಾಗಿ ಕಳಚಿ ಒಳಗೆ ಹೋಗುತ್ತದೆ. ರಕ್ತದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಹೀಗೇ ಒಳಗೆ ಬರುವುದು. ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುವವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬರುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಇದನ್ನು ಬಿಡಿಸಿ ತೋರಿಸಿ 1985ರಲ್ಲಿ ನೊಬೆಲ್ ಪಡೆದರು. ಇನ್ಸುಲಿನ್ ಹೊರಗೆ ಬರುವುದು ಇದೇ ಕೆಲಸದ ಉಲ್ಟಾ ದಾರಿಯಲ್ಲಿ.

ಸೋಡಿಯಂ ಚಿಕ್ಕದು, ಪೊಟ್ಯಾಸಿಯಂ ದೊಡ್ಡದು. ಪೊಟ್ಯಾಸಿಯಂ ನಾಳದಲ್ಲಿ ದೊಡ್ಡದು ದಾಟಿ ಚಿಕ್ಕದು ದಾಟಲ್ಲ ಅಂದ್ರೆ ಹೇಗೆ ಮಿಸ್?

ಈ ಪ್ರಶ್ನೆ ಕೇಳುವ ಮಕ್ಕಳು ಪಾಠವನ್ನು ನಿಜವಾಗಿ ಯೋಚಿಸಿ ಓದಿದ್ದಾರೆ. ನೀರಿನಲ್ಲಿರುವ ಅಯಾನು (ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಂಶ ಹೊತ್ತ ಕಣ) ಒಂಟಿಯಾಗಿ ಇರುವುದಿಲ್ಲ, ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ನಾಳದ ಅತಿ ಕಿರಿದಾದ ಭಾಗಕ್ಕೆ ನುಗ್ಗಬೇಕಾದರೆ ಆ ನೀರನ್ನು ಕಳಚಬೇಕು, ಅದಕ್ಕೆ ಶಕ್ತಿ ಬೇಕು. ಆ ಜಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಪೊಟ್ಯಾಸಿಯಂ ಅವುಗಳ ನಡುವೆ ಸರಿಯಾಗಿ ಕೂರುತ್ತದೆ, ಕಳಚಿದ ನೀರಿನ ಬದಲು ಇವೇ ಅದನ್ನು ಹಿಡಿಯುತ್ತವೆ. ಕಳೆದುಕೊಂಡದ್ದಕ್ಕೆ ಪಡೆದದ್ದು ಸಮ. ಸೋಡಿಯಂ ಚಿಕ್ಕದಾದ್ದರಿಂದ ಅದಕ್ಕೆ ಎಲ್ಲ ಪರಮಾಣುಗಳೂ ಎಟುಕುವುದಿಲ್ಲ. ನೀರು ಕಳಚಿದರೆ ಅದಕ್ಕೆ ನಷ್ಟ, ಆದ್ದರಿಂದ ಹೊರಗೇ ನೀರಿನ ಜೊತೆ ಉಳಿಯುತ್ತದೆ. ಈ ನಾಳ ಪೊಟ್ಯಾಸಿಯಂ ಅನ್ನು ಸೋಡಿಯಂಗಿಂತ 10,000 ಪಟ್ಟಿಗೂ ಹೆಚ್ಚು ಸಲೀಸಾಗಿ ಬಿಡುತ್ತದೆ.

ರೋಡರಿಕ್ ಮೆಕಿನನ್ 1998ರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಈ ನಾಳದ ಆಕಾರವನ್ನು ಎಕ್ಸ್-ರೇ ಮೂಲಕ ಬಿಡಿಸಿ ತೋರಿಸಿದರು. 2003ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಪೀಟರ್ ಆಗ್ರೆಗೂ ಹಂಚಿಕೆಯಾಯಿತು.